ಹೊಗೆಗೊಂದು ದಾರಿ ಬೇಕು

ಮಲೆನಾಡಿನ ಅಡುಗೆಮನೆಗಳಿಗೆ ಅನಿಲದ ಸಿಲಿಂಡರು ಬಂದು ದಶಕಗಳು ಕಳೆದಿವೆ. ಗೋಬರ್ ಅನಿಲ ಸ್ಥಾವರಗಳು ಅದಕ್ಕೂ ಮೊದಲೇ ಅನೇಕ ಕೊಟ್ಟಿಗೆಗಳ ಪಕ್ಕದಲ್ಲಿ ನೆಲೆ ಕಂಡಿದ್ದವು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಕೂಲಿಕಾರರ ಮನೆಗಳಿಗೂ ಅನಿಲದ ಒಲೆ ತಲುಪಿತು. ಹೀಗಿರುವಾಗ ಕಟ್ಟಿಗೆ ಒಲೆಯ ಕುರಿತು ಸಂಪಾದಕೀಯ ಬರೆಯುವುದು ಕಾಲ ಮೀರಿದ ಮಾತೆಂದು ಕೆಲವು ಓದುಗರಿಗೆ ತೋರಬಹುದು. ಅಂಥವರು ಒಂದು ದಿನ ಮುಂಜಾನೆ ಶಿರಸಿಯಿಂದ ಸಿದ್ದಾಪುರಕ್ಕೋ ತೀರ್ಥಹಳ್ಳಿಯಿಂದ ಆಗುಂಬೆಗೋ ಹೋಗುವ ರಸ್ತೆಯ ಪಕ್ಕದ ಹೆಂಚಿನ ಮಾಡುಗಳನ್ನು ಗಮನಿಸಬೇಕು. ಹೆಂಚಿನ ಸಂದುಸಂದುಗಳಿಂದ ಹೊಗೆ ಏಳುತ್ತಿರುತ್ತದೆ. ಚಹಾ, ಒಗ್ಗರಣೆ, ತಿಂಡಿಗಳು ಅನಿಲದ ಒಲೆಗೆ ಹೋಗಿವೆ, ನಿಜ. ಸ್ನಾನದ ನೀರು ಹೋಗಿಲ್ಲ. ದನಗಳ ಅಕ್ಕಚ್ಚು, ಕುಚ್ಚಲಕ್ಕಿಯ ಅನ್ನ, ಹಬ್ಬದ ಅಡುಗೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವುದು, ಮಳೆಯ ನಡುವೆ ಉಪ್ಪಾಗೆ ಒಣಗಿಸುವುದು ಎಲ್ಲವೂ ಕಟ್ಟಿಗೆಯ ಮೇಲೆಯೇ ನಿಂತಿವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂತಹ ಊರಿನಲ್ಲಿ ಬೆಂಕಿಯಿಲ್ಲದ ಮನೆಯಲ್ಲಿ ಬಟ್ಟೆಯೂ ಒಣಗುವುದಿಲ್ಲ.

ಆದ್ದರಿಂದ ಒಲೆ ಹೋಗಲಿದೆ ಎಂಬ ನಂಬಿಕೆಯ ಮೇಲೆ ಅದನ್ನು ಅಲಕ್ಷಿಸುವುದು ತಪ್ಪು. ಅಲಕ್ಷಿತವಾದ ಒಲೆ ಎರಡು ಕಡೆ ಸುಡುತ್ತದೆ. ಒಂದು, ಅದರ ಮುಂದೆ ಕುಳಿತವಳ ಎದೆಗೂಡು. ಇನ್ನೊಂದು, ಮನೆಯ ಹಿಂದಿನ ಬೆಟ್ಟ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಅಕಾಲದಲ್ಲಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನಮ್ಮ ಊರುಗಳಲ್ಲಿ ಅದಕ್ಕೆ ಉಬ್ಬಸ, ದಮ್ಮು, ಮುಪ್ಪಿನ ಕೆಮ್ಮು ಎಂಬ ಹೆಸರುಗಳಿವೆ. ಜೀವಮಾನವಿಡೀ ಬೀಡಿ ಮುಟ್ಟದ ಅಜ್ಜಿಯ ಶ್ವಾಸಕೋಶ ಬೀಡಿ ಸೇದಿದವನ ಶ್ವಾಸಕೋಶದಂತೆ ಆಗಿರುವುದನ್ನು ಇಲ್ಲಿನ ಯಾವ ವೈದ್ಯರನ್ನು ಕೇಳಿದರೂ ಹೇಳಿಯಾರು.

ಹೊಗೆಯಿಲ್ಲದ ಒಲೆ ನಮ್ಮ ದೇಶಕ್ಕೆ ಹೊಸದಲ್ಲ. ವಾರ್ಧಾದ ಮಗನ್‌ವಾಡಿಯಲ್ಲಿ 1947ರಲ್ಲಿಯೇ ಮಗನ್ ಚುಲ್ಹಾ ರೂಪುಗೊಂಡಿತ್ತು. ಹೈದರಾಬಾದಿನ ಎಸ್.ಪಿ. ರಾಜು 1950ರ ದಶಕದಲ್ಲಿ ಹೊಗೆರಹಿತ ಅಡುಗೆಮನೆಯನ್ನು ಕೋಟ್ಯಂತರ ಜನರಿಗೆ ಮುಟ್ಟಿಸುವ ಮಾತನಾಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ವಿಭಾಗದಿಂದ 1980ರ ದಶಕದ ಆರಂಭದಲ್ಲಿ ಹೊರಬಂದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳು ಚೆನ್ನಾಗಿಯೇ ಬಲ್ಲವು. ಮೂರು ಪಾತ್ರೆಗಳು, ಮುಚ್ಚಿದ ಉರಿಗೂಡು, ಕೆಳಗಿನಿಂದ ಗಾಳಿ ಬರುವ ಜಾಲರಿ, ಹಿಂದೊಂದು ಹೊಗೆಕೊಳವೆ. ಪ್ರಯೋಗಾಲಯದಲ್ಲಿ ಅದು ಕಟ್ಟಿಗೆಯ ಶಾಖದಲ್ಲಿ ಶೇ. 40ರಷ್ಟನ್ನು ಪಾತ್ರೆಗೆ ಮುಟ್ಟಿಸಬಲ್ಲದಾಗಿತ್ತು. ಮೂರು ಕಲ್ಲಿನ ಒಲೆ ಮುಟ್ಟಿಸುವುದು ಶೇ. 10ರಿಂದ 15. ಕೇಂದ್ರ ಸರ್ಕಾರದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 1980ರ ದಶಕದ ನಡುವಿನಿಂದ 2002ರವರೆಗೆ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿದ ಲೆಕ್ಕವಿದೆ. ಅವುಗಳಲ್ಲಿ ಇಂದು ಉರಿಯುತ್ತಿರುವವು ಎಷ್ಟು ಎಂದು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ನಮ್ಮ ಊರಿನಲ್ಲಿಯೇ ಎಣಿಸಬಹುದು.

ಅವು ಏಕೆ ಸತ್ತವು? ಒಡಿಶಾದ ಸುಮಾರು 2,600 ಕುಟುಂಬಗಳನ್ನು ನಾಲ್ಕು ವರ್ಷಗಳವರೆಗೆ ಅನುಸರಿಸಿ ರೆಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ಕೊಳವೆಯುಳ್ಳ ಸುಧಾರಿತ ಒಲೆ ಬಂದ ಮೊದಲ ವರ್ಷ ಅಡುಗೆ ಮಾಡುವವರು ಸೇವಿಸುವ ಹೊಗೆ ಕಡಿಮೆಯಾಯಿತು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಆರೋಗ್ಯದಲ್ಲಾಗಲಿ ಕಟ್ಟಿಗೆಯ ಖರ್ಚಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮನೆಯವರು ಒಲೆಯನ್ನು ಕ್ರಮವಾಗಿ ಬಳಸಲಿಲ್ಲ, ಕೆಟ್ಟಾಗ ದುರಸ್ತಿ ಮಾಡಲಿಲ್ಲ. ಇದನ್ನು ಓದಿ ಸುಧಾರಿತ ಒಲೆಯೇ ವ್ಯರ್ಥವೆಂದು ತೀರ್ಮಾನಿಸಿದವರಿದ್ದಾರೆ. ನಮ್ಮ ಓದು ಬೇರೆ. ಪ್ರತಿ ವರ್ಷ ಮಳೆಗೆ ಮುನ್ನ ಹೆಂಚು ಕೈಯಾಡಿಸದೆ ಬಿಟ್ಟ ಮನೆ ಸೋರುತ್ತದೆ. ಅದರಿಂದ ಹೆಂಚಿನ ಮಾಡು ವ್ಯರ್ಥವೆಂದು ಯಾರೂ ಹೇಳುವುದಿಲ್ಲ. ಒಲೆಯನ್ನು ಹಂಚುವ ವಸ್ತುವೆಂದು ಕಂಡದ್ದೇ ಮೂಲದ ದೋಷ. ಅದು ಮನೆಯ ಒಂದು ಅಂಗ. ಕಟ್ಟುವ ಕೈ, ಕೊಳವೆ, ಕಟ್ಟಿಗೆ, ತಿಂಗಳ ಶುಚಿ ಇವು ಸೇರಿದಾಗ ಮಾತ್ರ ಒಲೆ ಎಂಬುದೊಂದು ಇರುತ್ತದೆ.

ಹೊಗೆ ಎಂದರೇನು ಎಂಬುದರಿಂದ ತೊಡಗೋಣ. ಒಣಕಟ್ಟಿಗೆಯ ತೂಕದಲ್ಲಿ ಮುಕ್ಕಾಲು ಪಾಲು ಬಿಸಿಗೆ ಅನಿಲವಾಗಿ ಹೊರಬರುವ ದ್ರವ್ಯ. ಕೆಂಡವಾಗಿ ಉಳಿಯುವುದು ಕಾಲು ಪಾಲು ಮಾತ್ರ. ಉರಿಗೂಡು ಸಾಕಷ್ಟು ಬಿಸಿಯಾಗಿದ್ದು, ಗಾಳಿ ಸರಿಯಾಗಿ ಬೆರೆತು, ಬೆರೆತ ಅನಿಲಕ್ಕೆ ಉರಿಯಲು ಕೊಂಚ ಅವಕಾಶವಿದ್ದರೆ ಈ ಮುಕ್ಕಾಲು ಪಾಲು ಜ್ವಾಲೆಯಾಗಿ ಶಾಖ ಕೊಡುತ್ತದೆ. ಇಲ್ಲವಾದರೆ ಅದೇ ಹೊಗೆ. ಕಣ್ಣುರಿಸುವ ಹೊಗೆ ಉರಿಯದೆ ಉಳಿದ ಕಟ್ಟಿಗೆಯೇ ಹೊರತು ಬೇರೇನಲ್ಲ. ಬೆಟ್ಟದಿಂದ ಹೊತ್ತು ತಂದ ಹೊರೆಯ ಒಂದು ಪಾಲನ್ನು ನಾವು ಸುಡದೆಯೇ ಮಾಡಿನ ಸಂದಿನಿಂದ ಹೊರಗೆ ಕಳಿಸುತ್ತಿದ್ದೇವೆ, ಕಳಿಸುವ ಮುನ್ನ ಅಡುಗೆಯವಳ ಎದೆಯ ಮೂಲಕ ಹಾಯಿಸುತ್ತಿದ್ದೇವೆ. ಆರೋಗ್ಯದ ಪ್ರಶ್ನೆಯೂ ಅರಣ್ಯದ ಪ್ರಶ್ನೆಯೂ ಇಲ್ಲಿ ಒಂದೇ ಆಗುವುದರಿಂದ ಪರಿಸರದ ಪತ್ರಿಕೆಯೊಂದು ಒಲೆಯ ಬಗ್ಗೆ ಮಾತನಾಡಬೇಕಾಗಿದೆ.

ಒಲೆ ಕೂರಿಸುವಾಗ ಮೊದಲು ನೋಡಬೇಕಾದದ್ದು ಜಾಗ. ಹೊಗೆಕೊಳವೆ ನೆಟ್ಟಗೆ ಮೇಲೇರುವಂತಿರಬೇಕು. ಪ್ರತಿ ತಿರುವೂ ಸೆಳೆತವನ್ನು ಕುಂದಿಸುತ್ತದೆ, ಮಸಿಗೆ ಮನೆ ಮಾಡಿಕೊಡುತ್ತದೆ. ತಿರುವು ಅನಿವಾರ್ಯವಾದರೆ ಒಂದೇ ಇರಲಿ, ಅದೂ ಓರೆಯಾಗಿ, ಅಲ್ಲೊಂದು ತೆಗೆಯಬಲ್ಲ ಮುಚ್ಚಳವಿರಲಿ. ಒಲೆಯ ಹತ್ತಿರ ಗಾಳಿ ಒಳಬರುವ ಕಿಟಕಿ ಬೇಕು. ಹೊರಹೋಗುವ ಹೊಗೆಯಷ್ಟೇ ಗಾಳಿ ಒಳಗೆ ಬರಬೇಕೆಂಬುದನ್ನು ಹೊಸ ಮನೆ ಕಟ್ಟುವವರು ಮರೆಯುತ್ತಾರೆ. ಸಿಮೆಂಟಿನ ಚಾವಣಿ, ಗಾಜಿನ ಕಿಟಕಿ, ಜೊತೆಗೆ ಗೋಡೆಯಲ್ಲೊಂದು ಹೊರಗಾಳಿ ಪಂಖ. ಆ ಪಂಖ ತಿರುಗಿದೊಡನೆ ಕೊಳವೆಯಲ್ಲಿ ಏರುತ್ತಿದ್ದ ಹೊಗೆ ಕೆಳಮುಖವಾಗಿ ಕೋಣೆಗೆ ಇಳಿಯುತ್ತದೆ. ಒಲೆ ಕಟ್ಟಿದವನನ್ನು ಬೈಯುವ ಮುನ್ನ ಪಂಖವನ್ನು ಆರಿಸಿ ನೋಡಬೇಕು.

ಒಲೆಯ ಮೈಗೆ ಮಣ್ಣೇ ಸರಿ. ಉರಿಗೂಡಿನ ಒಳಮೈಯನ್ನು ಸಿಮೆಂಟಿನಿಂದ ಗಿಲಾವು ಮಾಡಿಸುವುದು ಇತ್ತೀಚಿನ ರೂಢಿ. ನೋಡಲು ಚೆಂದ, ಒಂದೆರಡು ತಿಂಗಳಲ್ಲಿ ಬಿರುಕು. ಸಿಮೆಂಟಿನ ಬಂಧ ನೀರನ್ನು ಹಿಡಿದಿಟ್ಟುಕೊಂಡ ಬಂಧ. ಉರಿಯ ತಾಪಕ್ಕೆ ಆ ನೀರು ಬಿಟ್ಟುಹೋದಾಗ ಅದು ಪುಡಿಯಾಗುತ್ತದೆ. ಹುತ್ತದ ಮಣ್ಣು ಅಥವಾ ಒಳ್ಳೆಯ ಜೇಡಿ, ಅದಕ್ಕೆ ಮರಳು, ಭತ್ತದ ಹೊಟ್ಟು ಇಲ್ಲವೆ ಕತ್ತರಿಸಿದ ಹುಲ್ಲು, ಸ್ವಲ್ಪ ಸೆಗಣಿ ಸೇರಿಸಿ ತುಳಿದು ಕೆಲದಿನ ಕೊಳೆಯಲು ಬಿಟ್ಟು ಕಟ್ಟಬೇಕು. ಬಿರುಕು ಬಿಟ್ಟರೆ ಮರಳು ಕಡಿಮೆ, ಉದುರಿದರೆ ಜೇಡಿ ಕಡಿಮೆ. ಕಟ್ಟಿದ ಒಲೆ ನೆರಳಿನಲ್ಲಿ ಎರಡು ಮೂರು ವಾರ ಒಣಗಲಿ. ಮೊದಲ ಕೆಲವು ದಿನ ಸಣ್ಣ ಉರಿಯಷ್ಟೇ ಸಾಕು. ಜಾಲರಿಯನ್ನು ಬಿಡಬಾರದು, ಕಟ್ಟಿಗೆಯ ಅಡಿಯಿಂದ ಗಾಳಿ ಬರುವ ಒಲೆಗೂ ಬೂದಿಯ ಮೇಲೆ ಕಟ್ಟಿಗೆ ಮಲಗಿದ ಒಲೆಗೂ ಉರಿಯ ಬಣ್ಣದಲ್ಲಿಯೇ ಭೇದ ಕಾಣುತ್ತದೆ. ಇನ್ನೊಂದು ಮಾತು. ಒಲೆಯ ಕಣ್ಣುಗಳನ್ನು ಕಟ್ಟುವ ದಿನ ಮನೆಯೊಡತಿಯ ಪಾತ್ರೆಗಳನ್ನೇ ಇಟ್ಟು ಅಳತೆ ತೆಗೆಯಬೇಕು. ಪಾತ್ರೆ ಕಣ್ಣಿನಲ್ಲಿ ಬಿಗಿಯಾಗಿ ಕೂರದಿದ್ದರೆ ಸಂದಿನಿಂದ ಹೊಗೆ ಹೊರಗೆ, ತಣ್ಣನೆಯ ಗಾಳಿ ಒಳಗೆ. ಹಿಂದಿನ ಯೋಜನೆಯ ಎಷ್ಟೋ ಒಲೆಗಳು ಅಚ್ಚಿನ ಅಳತೆಗೆ ಕಟ್ಟಲ್ಪಟ್ಟು ಮನೆಯ ಪಾತ್ರೆಗಳಿಗೆ ಒಗ್ಗದೆ ಒಡೆಯಲ್ಪಟ್ಟವು. ಅಳತೆ ತೆಗೆಯಲು ಬಂದವರು ಮನೆಯ ಯಜಮಾನರೊಡನೆ ಮಾತನಾಡಿ ಹೋಗಿದ್ದರು.

ಈಗ ಕೊಳವೆ. ಮನೆಗೆ ಬೆಂಕಿ ಬೀಳುವುದು ಬಹುತೇಕ ಇಲ್ಲಿಂದಲೇ. ಅಡುಗೆ ಒಲೆಗೆ ಮೂರರಿಂದ ನಾಲ್ಕು ಅಂಗುಲ ವ್ಯಾಸದ ಕೊಳವೆ ಸಾಕು. ಅದರ ಬಾಯಿ ಮಾಡಿನಿಂದ ಹೊರಬೀಳುವ ಜಾಗಕ್ಕಿಂತ ಕನಿಷ್ಠ ಮೂರು ಅಡಿ ಮೇಲಿರಬೇಕು, ಹತ್ತು ಅಡಿ ಸುತ್ತಳತೆಯೊಳಗಿನ ಮಾಡಿನ ಯಾವ ಭಾಗಕ್ಕಿಂತಲೂ ಎರಡು ಅಡಿ ಎತ್ತರದಲ್ಲಿರಬೇಕು. ನಮ್ಮ ಮನೆಗಳಿಗೆ ಇನ್ನೊಂದು ತೊಡಕಿದೆ. ಗುಡ್ಡವನ್ನು ಕಡಿದು ಮಾಡಿದ ನೆಲೆಯಲ್ಲಿ ಮನೆ ನಿಂತಿರುತ್ತದೆ. ಹಿಂದಿನ ದರೆ ಮಾಡಿಗಿಂತ ಎತ್ತರ. ದರೆಯ ಮೇಲಿಂದ ಬೀಸಿದ ಗಾಳಿ ಕೆಳಕ್ಕೆ ಬಿದ್ದು ಹೊಗೆಯನ್ನು ಕೊಳವೆಯೊಳಕ್ಕೇ ನೂಕುತ್ತದೆ. ಆದುದರಿಂದ ಸಾಧ್ಯವಿದ್ದಲ್ಲಿ ಅಡುಗೆಮನೆಯ ಕೊಳವೆ ಕಣಿವೆಯ ಕಡೆಯ ಗೋಡೆಗಿರಲಿ. ಬಾಯಿಗೆ ಮಳೆ ತಡೆಯುವ ಟೊಪ್ಪಿ ಬೇಕೇ ಬೇಕು, ಆದರೆ ಟೊಪ್ಪಿಗೂ ಬಾಯಿಗೂ ನಡುವೆ ಕೊಳವೆಯ ವ್ಯಾಸದಷ್ಟಾದರೂ ತೆರವು ಇರಲಿ. ಮಂಗಗಳು ಹೆಂಚನ್ನೇ ಕಿತ್ತೆಸೆಯುವ ನಮ್ಮಲ್ಲಿ ಟೊಪ್ಪಿಯನ್ನು ತಂತಿ ಬಿಗಿದು ಕಟ್ಟದಿದ್ದರೆ ಅದು ಒಂದು ವಾರವೂ ಉಳಿಯದು.

ಕೊಳವೆ ಮಾಡನ್ನು ಹಾಯುವಲ್ಲಿ ಪಕಾಸು, ರೀಪುಗಳಿಂದ ಒಂದೂವರೆ ಅಡಿ ದೂರವಿರಬೇಕು. ಅಷ್ಟು ಜಾಗವಿಲ್ಲವೆಂದು ಹೆಚ್ಚಿನವರು ಹೇಳುತ್ತಾರೆ. ಆಗ ಮರಕ್ಕೂ ಕೊಳವೆಗೂ ನಡುವೆ ತಗಡಿನ ಮರೆಯೊಂದನ್ನು, ಅದರ ಹಿಂದೆ ಒಂದಂಗುಲ ಗಾಳಿಯಾಡುವಂತೆ ನಿಲ್ಲಿಸಿದರೆ ಅಂತರವನ್ನು ಅರ್ಧಕ್ಕೆ ಇಳಿಸಬಹುದು. ತಗಡನ್ನು ಮರಕ್ಕೆ ಅಂಟಿಸಿ ಮೊಳೆ ಹೊಡೆದರೆ ಪ್ರಯೋಜನವಿಲ್ಲ, ತಡೆಯುವುದು ಗಾಳಿ, ತಗಡಲ್ಲ. ಹತ್ತು ವರ್ಷದಿಂದ ಏನೂ ಆಗಿಲ್ಲ ಎಂಬ ಸಮಾಧಾನ ಅಪಾಯದ್ದು. ಬಿಸಿ ಕೊಳವೆಯ ಪಕ್ಕದ ಮರ ವರ್ಷದಿಂದ ವರ್ಷಕ್ಕೆ ಒಳಗೊಳಗೇ ಕರಿಯಾಗುತ್ತಾ ಬರುತ್ತದೆ. ಹಾಗೆ ಕರಿಯಾದ ಮರಕ್ಕೆ ಹೊತ್ತಿಕೊಳ್ಳಲು ಹೊಸ ಮರಕ್ಕೆ ಬೇಕಾದಷ್ಟು ತಾಪ ಬೇಕಿಲ್ಲ. ಕೊಟ್ಟಿಗೆಗೆ ಅಡಿಕೆ ಸೋಗೆ ಹೊದಿಸಿದವರು, ಅಂಗಳಕ್ಕೆ ಚಪ್ಪರ ಹಾಕಿದವರು ಕೊಳವೆಯ ಕಿಡಿ ಯಾವ ದಿಕ್ಕಿಗೆ ಹಾರುತ್ತದೆ ಎಂಬುದನ್ನು ಮಾರ್ಚ್ ತಿಂಗಳ ಗಾಳಿಯಲ್ಲಿ ನೋಡಿಯೇ ತೀರ್ಮಾನಿಸಬೇಕು.

ಕೊಳವೆ ಯಾವುದರದು ಎಂಬ ಪ್ರಶ್ನೆಗೆ ನಮ್ಮ ಸಲಹೆ ಸ್ಪಷ್ಟ. ಹಳೆಯ ಯೋಜನೆಗಳಲ್ಲಿ ಕಲ್ನಾರು ಸಿಮೆಂಟಿನ ಕೊಳವೆಗಳನ್ನು ಧಾರಾಳವಾಗಿ ಬಳಸಲಾಯಿತು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂಬುದು ಇಂದು ನಿರ್ವಿವಾದ. ಹೊಸ ಒಲೆಗೆ ಅದನ್ನು ತರಬೇಡಿ. ಈಗಾಗಲೇ ಇದ್ದು ಬಿರುಕಿಲ್ಲದಿದ್ದರೆ ಗರಗಸ ಹಾಕಬೇಡಿ, ಉಜ್ಜಬೇಡಿ; ತೆಗೆಯಲೇಬೇಕಾದರೆ ನೀರು ಸುರಿದು ಒದ್ದೆ ಮಾಡಿ ಇಡಿಯಾಗಿ ಇಳಿಸಿ. ಸುಟ್ಟ ಮಣ್ಣಿನ ಕೊಳವೆ ಸಿಗುವ ಕಡೆ ಅದೇ ಉತ್ತಮ. ತಗಡಿನದಾದರೆ ಉರಿಗೂಡಿಗೆ ಹತ್ತಿದ ಮೊದಲ ತುಂಡು ದಪ್ಪ ಕಬ್ಬಿಣದ್ದಿರಲಿ, ಸತುವಿನ ಲೇಪದ ತಗಡು ಅಲ್ಲಿ ಬೇಡ. ಸತು 420 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಅದರ ಹೊಗೆ ಜ್ವರ ಬರಿಸುತ್ತದೆ.

ಹಿರಿಯರ ಆಕ್ಷೇಪವೊಂದನ್ನು ಇಲ್ಲಿ ಎತ್ತಿಕೊಳ್ಳಲೇಬೇಕು. ಹೊಗೆ ಅಟ್ಟವನ್ನು ಕಾಯುತ್ತದೆ. ಹೊಗೆಯಿಲ್ಲದಿದ್ದರೆ ಬಿದಿರಿಗೆ ಕುಟ್ಟೆ ಹಿಡಿಯುತ್ತದೆ, ಬೀಜದ ಭತ್ತಕ್ಕೆ ಹುಳು ಬೀಳುತ್ತದೆ, ಕಂಬಳಿ ಬೂಸಲು ಬರುತ್ತದೆ ಎನ್ನುತ್ತಾರೆ. ಕೃಷಿವಿಜ್ಞಾನ ಓದಿದವರು ಇದನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ಹೊಗೆಯ ಫಿನಾಲುಗಳು ಕೀಟಗಳನ್ನೂ ಶಿಲೀಂಧ್ರಗಳನ್ನೂ ತಡೆಯುತ್ತವೆ, ಅಟ್ಟದ ಬಿಸುಪು ತೇವವನ್ನು ಇಳಿಸುತ್ತದೆ. ಕೊಳವೆ ಹಾಕಿಸಿದ ಮನೆಗಳಲ್ಲಿ ಎರಡೇ ವರ್ಷಕ್ಕೆ ಬಿದಿರಿನ ಗಳ ಪುಡಿಯುದುರಿಸಿದ್ದನ್ನು ನಾವೂ ಕಂಡಿದ್ದೇವೆ, ಕೊಳವೆಯನ್ನು ಕಿತ್ತುಹಾಕಿದ ಮನೆಗಳನ್ನೂ ಕಂಡಿದ್ದೇವೆ. ಆದರೆ ಬಿದಿರನ್ನು ಉಳಿಸುವ ಅದೇ ವಿಷ ಮನುಷ್ಯನ ಶ್ವಾಸಕೋಶಕ್ಕೆ ಅಮೃತವಾಗಲಾರದಷ್ಟೆ. ಅಟ್ಟಕ್ಕೆ ಹೊಗೆ ಬೇಕಾದರೆ ಅಡುಗೆಯವರಿಲ್ಲದ ಹೊತ್ತಿನಲ್ಲಿ, ಬೇರೆ ಕೋಣೆಯಲ್ಲಿ, ಸುಗ್ಗಿ ಮುಗಿದ ಮೇಲೆ ಅಡಿಕೆ ಒಲೆಯ ಮೇಲಟ್ಟದಲ್ಲಿ ಕೊಡಬಹುದು. ಬೀಜಕ್ಕೆ ಚೆನ್ನಾಗಿ ಒಣಗಿಸಿದ ಮುಚ್ಚಿದ ಡಬ್ಬ ಸಾಕು. ಕೊಳವೆಯ ಬಿಸಿಯಿಂದಲೇ ಅಟ್ಟ ಬೆಚ್ಚಗಾಗುವುದೂ ಉಂಟು.

ಕಟ್ಟಿಗೆಯ ಮಾತಿಗೆ ಬಂದರೆ, ಒಳ್ಳೆಯ ಒಲೆಗೆ ಹಸಿ ಕಟ್ಟಿಗೆ ಹಾಕುವುದಕ್ಕಿಂತ ಮೂರು ಕಲ್ಲಿಗೆ ಒಣಕಟ್ಟಿಗೆ ಹಾಕುವುದೇ ಮೇಲು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಅಂಥ ಒಂದು ಕಿಲೋ ಕಟ್ಟಿಗೆ ಕೊಡಬಲ್ಲ ಶಾಖ ಸುಮಾರು 1,900 ಕಿಲೋ ಕ್ಯಾಲೊರಿ. ನೀರಿನ ಅಂಶ ಶೇ. 20ಕ್ಕೆ ಇಳಿದ ಒಂದು ಕಿಲೋ ಕೊಡುವುದು ಸುಮಾರು 3,400. ಅದೂ ಪೂರ್ತಿ ಉರಿದರೆ. ಹಸಿ ಕಟ್ಟಿಗೆ ಉರಿಗೂಡನ್ನು ತಣಿಸುವುದರಿಂದ ಪೂರ್ತಿ ಉರಿಯುವುದೇ ಇಲ್ಲ. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ತಂದು, ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲ ತಾಗದಂತೆ ಕಲ್ಲಿನ ಮೇಲೆ ಅಡ್ಡಡ್ಡ ಪೇರಿಸಿ ಬಿಸಿಲಿಗಿಟ್ಟರೆ ಮೇ ನಡುವಿಗೆ ಒಳಗೆ ಸೇರಿಸಬಹುದು. ಒಣಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದು ಸೀಳನ್ನು ತಕ್ಕಡಿಯಲ್ಲಿಟ್ಟು ತೂಗಿ, ಒಲೆಯ ಬಿಸುಪಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಒಂದು ಕಿಲೋ ಇದ್ದದ್ದು 800 ಗ್ರಾಮಿಗಿಂತ ಕೆಳಗಿಳಿಯದಿದ್ದರೆ ರಾಶಿ ಒಣಗಿದೆ. ಜುಲೈ ತಿಂಗಳ ಗಾಳಿಯಲ್ಲಿ ಒಣಗಿದ ಕಟ್ಟಿಗೆಯೂ ತೇವ ಹೀರಿ ಶೇ. 20ರ ಆಸುಪಾಸಿಗೆ ಮರಳುತ್ತದೆ. ಹಾಗೆಂದು ಮರುದಿನದ ಸೌದೆಯನ್ನು ರಾತ್ರಿ ಒಲೆಯ ಮೇಲೆಯೇ ಒಟ್ಟಿ ಮಲಗುವ ಅಭ್ಯಾಸ ಇದೆಯಲ್ಲ, ಅದನ್ನು ಈ ಮಳೆಗಾಲದಿಂದಲೇ ಬಿಡಬೇಕು. ಮೂರು ಅಡಿ ದೂರದಲ್ಲಿಟ್ಟರೂ ಒಣಗುತ್ತದೆ.

ಹೊಲಗೇರಿನ ಕಟ್ಟಿಗೆಯನ್ನು ಒಲೆಗೆ ಇಡಬಾರದೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಗೇರು ಬೀಜದ ಸಿಪ್ಪೆಯೂ ಅದೇ ಜಾತಿಯದು, ಅದರ ಹೊಗೆಗೆ ಮುಖ ಬಾತುಕೊಳ್ಳುತ್ತದೆ. ಹೇಳಿಕೊಡಬೇಕಾದದ್ದು ಹೊಸ ವಿಷಗಳ ಬಗ್ಗೆ. ಬಣ್ಣ ಬಳಿದ ಹಳೆಯ ಕಿಟಕಿ, ಔಷಧ ಹಾಯಿಸಿದ ಬೇಲಿಗೂಟ, ಪ್ಲೈವುಡ್ಡಿನ ಚೂರು, ಗೊಬ್ಬರದ ಚೀಲ. ಬೆಂಕಿ ಹೊತ್ತಿಸಲು ಹಾಲಿನ ಪ್ಲಾಸ್ಟಿಕ್ ತೊಟ್ಟೆಯಷ್ಟು ಸುಲಭದ್ದು ಇನ್ನೊಂದಿಲ್ಲವೆಂದು ಅನೇಕ ಮನೆಗಳಲ್ಲಿ ದಿನದ ಮೊದಲ ಹೊಗೆ ಪ್ಲಾಸ್ಟಿಕ್ಕಿನದೇ ಆಗಿದೆ. ತೆಂಗಿನ ಗರಿ, ಒಣಗಿದ ಅಡಿಕೆ ಸಿಪ್ಪೆ ಇರುವ ನಾಡಿನಲ್ಲಿ ಇದಕ್ಕೆ ಕ್ಷಮೆಯಿಲ್ಲ.

ಬಚ್ಚಲ ಒಲೆಯನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಅಡುಗೆ ಅನಿಲಕ್ಕೆ ಸರಿದ ಮನೆಗಳಲ್ಲಿ ಬೆಟ್ಟದ ಕಟ್ಟಿಗೆಯ ಹೆಚ್ಚಿನ ಪಾಲು ಅಲ್ಲಿಗೇ ಹೋಗುತ್ತಿದೆ. ಒಂದು ಲೆಕ್ಕ ಹಾಕೋಣ. ನಲವತ್ತು ಲೀಟರ್ ನೀರನ್ನು 22 ಡಿಗ್ರಿಯಿಂದ 62ಕ್ಕೆ ಏರಿಸಲು ಬೇಕಾದ ಶಾಖ 1,600 ಕಿಲೋ ಕ್ಯಾಲೊರಿ, ಎಂದರೆ ಅರ್ಧ ಕಿಲೋ ಒಣಕಟ್ಟಿಗೆಯಲ್ಲಿರುವಷ್ಟು. ಶಾಖದ ಶೇ. 15ರಷ್ಟನ್ನು ಮಾತ್ರ ನೀರಿಗೆ ಕೊಡುವ ಒಲೆಯಲ್ಲಿ ಇದಕ್ಕೆ ಮೂರು ಕಿಲೋ ಮೀರಿದ ಕಟ್ಟಿಗೆ ಬೇಕು. ಹಂಡೆಯ ಸುತ್ತ ಉರಿ ಒಂದು ಸುತ್ತು ಬಂದು ಕೊಳವೆಗೆ ಹೋಗುವಂತೆ ಕಟ್ಟಿ ಅದನ್ನು ಶೇ. 30ಕ್ಕೆ ಏರಿಸಿದರೆ ಒಂದೂವರೆ ಕಿಲೋ ಸಾಕು. ದಿನಕ್ಕೆ ಎರಡು ಹಂಡೆ ಕಾಯಿಸುವ ಮನೆಯಲ್ಲಿ ವರ್ಷಕ್ಕೆ ಉಳಿಯುವುದು ಒಂದು ಟನ್ನಿಗೂ ಮಿಕ್ಕಿ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಪಡೆದ ಉತ್ತರ ಕನ್ನಡದವರಿಗೂ ಆ ಬೆಟ್ಟ ಈಗ ಸಾಲುತ್ತಿಲ್ಲವೆಂದರೆ ಸೋರುತ್ತಿರುವುದು ಎಲ್ಲಿ ಎಂದು ಬಚ್ಚಲಿನಲ್ಲಿಯೂ ಹುಡುಕಬೇಕು.

ಬಚ್ಚಲಿನಲ್ಲಿ ಅಪಾಯ ಇನ್ನೊಂದಿದೆ. ಉರಿ ಹಾಕುವ ಬಾಯಿ ಸ್ನಾನದ ಕೋಣೆಯ ಹೊರಗೋಡೆಯಲ್ಲಿರಬೇಕು. ಹಳಬರು ಹಾಗೆಯೇ ಕಟ್ಟುತ್ತಿದ್ದರು, ಇಲ್ಲವೆ ಬಚ್ಚಲಿಗೆ ಬಾಗಿಲೇ ಸರಿಯಾಗಿರುತ್ತಿರಲಿಲ್ಲ. ಈಗ ಟೈಲ್ಸು, ಬಿಗಿಯಾದ ಬಾಗಿಲು, ಒಳಗೇ ಕೆಂಡ. ಅರೆಬೆಂದ ಇಂಗಾಲ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಹೊಗೆ ನಿಂತಿತೆಂದು ನೆಮ್ಮದಿಯಾಗುವ ಕೆಂಡದ ಹೊತ್ತೇ ಅದು ಹೆಚ್ಚಾಗುವ ಹೊತ್ತು. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು ಅದರ ಕುರುಹುಗಳು. ಅವನ್ನು ಪಿತ್ತವೆಂದು ತಿಳಿದು ಅಲ್ಲಿಯೇ ಕೂತವರು ಏಳುವುದಿಲ್ಲ. ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಮಳೆಗಾಲದಲ್ಲಿ ಬಾಣಂತಿಯ ಕೋಣೆಗೆ, ಮುದುಕರ ಮಂಚದಡಿಗೆ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚುವ ಪದ್ಧತಿಗೂ ಇದೇ ಮಾತು. ಹಳೆಯ ಹೆಂಚಿನ ಮನೆ ಉಸಿರಾಡುತ್ತಿತ್ತು. ಸಿಮೆಂಟಿನ ಮನೆ ಉಸಿರಾಡುವುದಿಲ್ಲ. ಕೋಣೆಯನ್ನು ಬೆಚ್ಚಗೆ ಮಾಡಿ, ಮಲಗುವ ಮುನ್ನ ಕೆಂಡವನ್ನು ಹೊರಗಿಡಿ. ತಾಮ್ರದ ಬಾಯ್ಲರು ಇಟ್ಟುಕೊಂಡವರು ಅದರ ಆವಿಯ ಬಾಯಿಯನ್ನು ಯಾವ ಕಾರಣಕ್ಕೂ ಬಿಗಿಯಬಾರದು, ನಲ್ಲಿ ಹಾಕಬಾರದು. ಹೋಗಲು ದಾರಿಯಿಲ್ಲದ ಆವಿ ಗೋಡೆಯನ್ನು ಕೆಡವುತ್ತದೆ.

ಶುಚಿಯ ವಿಷಯ ಬೇಸರದ್ದು, ಆದರೆ ಒಡಿಶಾದ ಒಲೆಗಳು ಸೋತದ್ದು ಇಲ್ಲಿಯೇ. ತಣ್ಣಗಿನ ಕೊಳವೆಯ ಒಳಮೈಗೆ ಹೊಗೆಯ ಕೀಲು ಅಂಟಿ ಇಲ್ಲಣವಾಗುತ್ತದೆ. ಅದು ಉರಿಯುವ ವಸ್ತು. ಒಂದು ದಿನ ಜೋರಾದ ಉರಿಗೆ ಕೊಳವೆಯೊಳಗೇ ಹೊತ್ತಿಕೊಂಡರೆ ತಾಪ ಸಾವಿರ ಡಿಗ್ರಿಯ ಹತ್ತಿರ ಹೋಗುತ್ತದೆ, ರೈಲು ಹೋದಂತಹ ಸದ್ದಾಗುತ್ತದೆ. ಆಗ ಕೊಳವೆಗೆ ನೀರು ಸುರಿಯಬಾರದು, ಬಿರಿಯುತ್ತದೆ. ಒಲೆಯ ಬಾಯಿ, ಗಾಳಿಯ ಕಿಂಡಿ ಎಲ್ಲವನ್ನೂ ಒದ್ದೆ ಗೋಣಿಯಿಂದಲೋ ಮಣ್ಣಿನಿಂದಲೋ ಮುಚ್ಚಿ ಗಾಳಿ ತಪ್ಪಿಸಬೇಕು, ಮನೆಮಂದಿ ಹೊರಗೆ ಬರಬೇಕು, ಪಕಾಸುಗಳ ಮೇಲೆ ನೀರು ಹಾಯಿಸಬೇಕು. ಇದಾಗದಿರಲು ದಿನವೂ ಉರಿಯುವ ಒಲೆಯ ಕೊಳವೆಯನ್ನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬಿದಿರ ಗಳಕ್ಕೆ ತೆಂಗಿನ ನಾರಿನ ಕುಚ್ಚು ಕಟ್ಟಿ ಮೇಲಿಂದ ಕೆಳಕ್ಕೆ ಉಜ್ಜಬೇಕು. ಬಹುಕಾಲ ಉರಿಸದ ಒಲೆಯ ಕೊಳವೆಯಲ್ಲಿ ಅಳಿಲೋ ಕಣಜವೋ ಗೂಡು ಕಟ್ಟಿರುತ್ತದೆ, ಹೊತ್ತಿಸುವ ಮುನ್ನ ಕನ್ನಡಿ ಹಿಡಿದು ಆಕಾಶ ಕಾಣುತ್ತದೆಯೇ ನೋಡಿ. ಮಾಡು ಹತ್ತುವುದು ಗಂಡಸರ ಕೆಲಸವೆಂದೂ ಒಲೆ ಹೆಂಗಸರ ಕೆಲಸವೆಂದೂ ಹಂಚಿಕೊಂಡಿರುವ ಮನೆಗಳಲ್ಲಿ ಕೊಳವೆ ಇಬ್ಬರಿಗೂ ಸೇರದೆ ಉಳಿಯುತ್ತದೆ.

ಒಲೆಯ ಮುಂದೆ ನೈಲಾನ್ ನೈಟಿ ಬೇಡ, ಹತ್ತಿಯ ಬಟ್ಟೆ ಇರಲಿ, ಸೆರಗು ಸಿಕ್ಕಿಸಿರಲಿ. ಸೀಮೆಎಣ್ಣೆ ಸುರಿದು ಹೊತ್ತಿಸಬಾರದು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಶಾಯಿ, ಟೂತ್‌ಪೇಸ್ಟು ಯಾವುದೂ ಬೇಡ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಎರಡು ದಿನ ಹೊರಗಿಡಿ, ಅದರೊಳಗಿನ ಕೆಂಡಕ್ಕೆ ಅಷ್ಟು ಆಯುಷ್ಯವಿದೆ. ಆಮೇಲೆ ಅದು ತೋಟಕ್ಕೆ. ನಮ್ಮ ಹುಳಿ ಮಣ್ಣಿಗೆ ಅದರ ಸುಣ್ಣವೂ ಪೊಟ್ಯಾಷೂ ಒಳ್ಳೆಯದೇ, ಹಸಿ ಸೆಗಣಿ ಅಥವಾ ಯೂರಿಯಾದೊಡನೆ ಬೆರೆಸದಿದ್ದರಾಯಿತು. ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಸರ್ಕಾರಕ್ಕೆ ಹೇಳುವುದಿಷ್ಟು. ಕೂಡಿಸಿ ತರುವ ಲೋಹದ ಒಲೆಗಳಿಗೆ 2013ರಲ್ಲಿ ಪರಿಷ್ಕರಿಸಿದ ಮಾನಕವಿದೆ, ಒಳ್ಳೆಯದು. ಕೊಳವೆಯಿಲ್ಲದ ಆ ಒಲೆಗಳ ಹೊಗೆ ಎಷ್ಟೇ ಕಡಿಮೆಯಾದರೂ ಕೋಣೆಯಲ್ಲಿಯೇ ಉಳಿಯುತ್ತದೆ, ಹಂಡೆಯನ್ನು ಅವುಗಳ ಮೇಲಿಡಲಾಗದು. ಮಲೆನಾಡಿಗೆ ಬೇಕಾದದ್ದು ಒಲೆಯ ಇನ್ನೊಂದು ಹಂಚಿಕೆಯಲ್ಲ. ಪ್ರತಿ ಪಂಚಾಯಿತಿಯಲ್ಲಿ ಒಲೆ ಕಟ್ಟಬಲ್ಲ, ಕೊಳವೆ ಶುಚಿ ಮಾಡಬಲ್ಲ ಇಬ್ಬರು ಮೂವರು, ಅವರಲ್ಲಿ ಮಹಿಳೆಯರೂ ಇರಲಿ, ತರಬೇತಿ ಪಡೆದು, ವರ್ಷಕ್ಕೆರಡು ಬಾರಿ ಮನೆಮನೆಗೆ ಹೋಗುವಂತಾಗಬೇಕು. ಆ ಭೇಟಿಗೆ ಅವರಿಗೆ ಕೂಲಿ ಸಿಗಬೇಕು. ಹೊಸ ಒಲೆಗೆ ಕೊಡುವ ಸಹಾಯಧನದ ಅರ್ಧವನ್ನು ಈ ಕೆಲಸಕ್ಕೆ ತೆಗೆದಿಟ್ಟರೆ ಸಾಕಾದೀತು. ಗ್ರಾಮ ಅರಣ್ಯ ಸಮಿತಿಗಳು ಸಸಿ ನೆಡುವ ಲೆಕ್ಕದ ಪಕ್ಕದಲ್ಲಿ ಬಚ್ಚಲ ಒಲೆಗಳ ಲೆಕ್ಕವನ್ನೂ ಇಡಬಹುದು.

ಸರ್ಕಾರಕ್ಕಾಗಿ ಕಾಯದೆ ನಮ್ಮ ಕೈಯಲ್ಲಾಗುವ ಒಂದು ಕೆಲಸವಿದೆ. ಅಸ್ತ್ರ ಒಲೆ ಕಟ್ಟುವುದನ್ನು ಕಲಿತ ಹಲವರು ಈಗ ಐವತ್ತು ಅರವತ್ತು ದಾಟಿ ಊರುಗಳಲ್ಲಿ ಸುಮ್ಮನಿದ್ದಾರೆ. ನಿಮ್ಮ ಸೀಮೆಯಲ್ಲಿ ಅಂಥವರಿದ್ದರೆ, ಅವರು ಇನ್ನೂ ಕಟ್ಟಿಕೊಡಬಲ್ಲರೇ, ಇಬ್ಬರು ಕಿರಿಯರಿಗೆ ಕಲಿಸಲು ಒಪ್ಪುವರೇ ಎಂದು ವಿಚಾರಿಸಿ ಶಿವರಾತ್ರಿಯೊಳಗೆ ಬಳಗಕ್ಕೆ ತಿಳಿಸಿ. ಹುತ್ತದ ಮಣ್ಣು ಒಣಗಿರುವ ಬೇಸಿಗೆಯಲ್ಲಿಯೇ ಕಲಿಕೆ ನಡೆಯಬೇಕು, ಕಟ್ಟಿದ ಒಲೆಗಳು ಮೇ ಕೊನೆಗೆ ಉರಿಗೆ ಸಿದ್ಧವಾಗಬೇಕು.